ದೇಹತೂಕ ಮತ್ತು ಔಷಧದ ಪ್ರಮಾಣ: ಕ್ಷಯರೋಗ ಚಿಕಿತ್ಸೆಯ ನಿದರ್ಶನ

ಒಂದೇ ಔಷಧವನ್ನು ಒಂದೇ ಪ್ರಮಾಣದಲ್ಲಿ ಸೇವಿಸಿದ ಇಬ್ಬರು ರೋಗಿಗಳಲ್ಲಿ ಅದರ ಪರಿಣಾಮ ಒಂದೇ ತೆರನಾಗಿರಬೇಕೆಂದಿಲ್ಲ. ಈ ವ್ಯತ್ಯಾಸಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಅತ್ಯಂತ ಸುಲಭವಾಗಿ ಅಳೆಯಬಹುದಾದದ್ದು ದೇಹತೂಕ. ಆದ್ದರಿಂದಲೇ ಪ್ರತಿ ಕಿಲೋಗ್ರಾಂ ತೂಕಕ್ಕೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕಾಚಾರ ವೈದ್ಯಕೀಯದಲ್ಲಿ ರೂಢಿಗೆ ಬಂದಿದೆ. ಈ ಲೆಕ್ಕಾಚಾರದ ಉಪಯುಕ್ತತೆ ಮತ್ತು ಮಿತಿಗಳೆರಡನ್ನೂ ಅರಿಯಲು ಭಾರತದ ಕ್ಷಯರೋಗ ಚಿಕಿತ್ಸಾಕ್ರಮವು ಉತ್ತಮ ನಿದರ್ಶನವಾಗಿದೆ.

ಕ್ಷಯರೋಗದ ಪ್ರಮುಖ ಔಷಧವಾದ ರಿಫಾಂಪಿಸಿನ್‌ನ ಸಾಮಾನ್ಯ ಪ್ರಮಾಣ ವಯಸ್ಕರಲ್ಲಿ ಪ್ರತಿ ಕಿ.ಗ್ರಾಂ. ತೂಕಕ್ಕೆ ಸುಮಾರು 10 ಮಿ.ಗ್ರಾಂ. ಪರಿಷ್ಕೃತ ರಾಷ್ಟ್ರೀಯ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ವಾರಕ್ಕೆ ಮೂರು ಬಾರಿ ಔಷಧ ನೀಡುವ ಪದ್ಧತಿ ಜಾರಿಯಲ್ಲಿದ್ದಾಗ, 30ರಿಂದ 60 ಕಿ.ಗ್ರಾಂ. ತೂಕದ ವಯಸ್ಕರೆಲ್ಲರಿಗೂ 450 ಮಿ.ಗ್ರಾಂ. ರಿಫಾಂಪಿಸಿನ್ ದೊರೆಯುತ್ತಿತ್ತು. ಅಂದರೆ 32 ಕಿ.ಗ್ರಾಂ. ತೂಕದ ರೋಗಿಗೆ ಕಿಲೋಗ್ರಾಂ ಒಂದಕ್ಕೆ ಸುಮಾರು 14 ಮಿ.ಗ್ರಾಂ. ಲಭಿಸಿದರೆ, 58 ಕಿ.ಗ್ರಾಂ. ತೂಕದವರಿಗೆ 8 ಮಿ.ಗ್ರಾಂ.ಗಿಂತಲೂ ಕಡಿಮೆ ಲಭಿಸುತ್ತಿತ್ತು. ಪ್ರಮಾಣ ಕಡಿಮೆಯಾದಲ್ಲಿ ರೋಗಾಣುಗಳು ಪೂರ್ಣವಾಗಿ ನಾಶವಾಗದೆ ಔಷಧ ನಿರೋಧಕತೆ ಬೆಳೆಯುವ ಅಪಾಯವಿದೆ. ಹೆಚ್ಚಾದಲ್ಲಿ ಯಕೃತ್ತಿಗೆ ಹಾನಿಯಾಗುವ ಸಂಭವವಿದೆ. 2017ರಲ್ಲಿ ದೇಶಾದ್ಯಂತ ವಿಸ್ತರಿಸಲಾದ ದೈನಂದಿನ ಚಿಕಿತ್ಸಾಕ್ರಮವು ತೂಕದ ಶ್ರೇಣಿಗಳನ್ನು ಆಧರಿಸಿ ಮಾತ್ರೆಗಳ ಸಂಖ್ಯೆಯನ್ನು ನಿಗದಿಪಡಿಸಿ ಈ ಅಂತರವನ್ನು ತಗ್ಗಿಸಿತು. ಪ್ರತಿ ಸಂಯುಕ್ತ ಮಾತ್ರೆಯಲ್ಲಿ 150 ಮಿ.ಗ್ರಾಂ. ರಿಫಾಂಪಿಸಿನ್ ಇರುತ್ತದೆ.

ತೂಕಕ್ಕೂ ಔಷಧದ ಪರಿಣಾಮಕ್ಕೂ ಇರುವ ಸಂಬಂಧವನ್ನು ಎರಡು ಕ್ರಿಯೆಗಳು ನಿರ್ಧರಿಸುತ್ತವೆ. ಮೊದಲನೆಯದು ವಿತರಣೆ, ಅಂದರೆ ಔಷಧವು ರಕ್ತದಿಂದ ದೇಹದ ನೀರಿನಂಶ, ಸ್ನಾಯು ಮತ್ತು ಕೊಬ್ಬಿಗೆ ಹರಡುವ ಬಗೆ. ಎರಡನೆಯದು ವಿಸರ್ಜನೆ, ಅಂದರೆ ಯಕೃತ್ತು ಮತ್ತು ಮೂತ್ರಪಿಂಡಗಳು ಅದನ್ನು ಹೊರಹಾಕುವ ವೇಗ. ಮೊದಲ ಗುಟುಕಿನ ಪ್ರಭಾವವನ್ನು ಮುಖ್ಯವಾಗಿ ವಿತರಣೆಯೂ, ನಿತ್ಯ ಸೇವನೆಯಲ್ಲಿ ರಕ್ತದಲ್ಲಿ ಉಳಿಯುವ ಸರಾಸರಿ ಮಟ್ಟವನ್ನು ವಿಸರ್ಜನೆಯೂ ನಿಯಂತ್ರಿಸುತ್ತವೆ. ಇವೆರಡೂ ತೂಕಕ್ಕೆ ನೇರ ಅನುಪಾತದಲ್ಲಿ ಏರುವುದಿಲ್ಲ.

ಮಕ್ಕಳಲ್ಲಿ ಇದು ಸ್ಪಷ್ಟವಾಗಿ ಗೋಚರಿಸುತ್ತದೆ. ಪ್ರಾಣಿಗಳ ಚಯಾಪಚಯ ದರವು ತೂಕದ ಮುಕ್ಕಾಲು ಘಾತಕ್ಕೆ ಅನುಗುಣವಾಗಿದೆ ಎಂದು ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದರು. ಔಷಧ ವಿಸರ್ಜನೆಗೂ ಈ ನಿಯಮವನ್ನು ಸ್ಥೂಲವಾಗಿ ಅನ್ವಯಿಸುತ್ತಾರೆ. ಅದರಂತೆ 20 ಕಿ.ಗ್ರಾಂ. ತೂಕದ ಮಗುವಿಗೆ 70 ಕಿ.ಗ್ರಾಂ. ವಯಸ್ಕರ ಪ್ರಮಾಣದ ಶೇ. 39ರಷ್ಟು ಬೇಕಾಗುತ್ತದೆ, ತೂಕದ ಅನುಪಾತವಾದರೋ ಕೇವಲ ಶೇ. 29. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮಕ್ಕಳ ಕ್ಷಯರೋಗ ಔಷಧಗಳ ಪ್ರಮಾಣವನ್ನು ಹೆಚ್ಚಿಸಿ, ಐಸೋನಿಯಾಜಿಡನ್ನು ಕಿಲೋಗ್ರಾಂ ಒಂದಕ್ಕೆ 10 ಮಿ.ಗ್ರಾಂ. ಎಂದು ನಿಗದಿಪಡಿಸಿತು. ವಯಸ್ಕರಿಗೆ ಇದು 5 ಮಿ.ಗ್ರಾಂ. ಮಾತ್ರ. ಆದರೆ ನವಜಾತ ಶಿಶುವಿನಲ್ಲಿ ಸ್ಥಿತಿ ತಿರುವುಮುರುವು. ಯಕೃತ್ತಿನ ಕಿಣ್ವಗಳು ಪಕ್ವವಾಗಿರದ ಕಾರಣ ಕ್ಲೋರಾಂಫೆನಿಕಾಲ್ ದೇಹದಲ್ಲಿ ಸಂಚಯಗೊಂಡು ಶಿಶುಗಳು ಮರಣಿಸಿದ ಪ್ರಕರಣಗಳು 1959ರಲ್ಲಿ ವರದಿಯಾದವು.

ಸ್ಥೂಲಕಾಯದವರಲ್ಲಿ ಸಮಸ್ಯೆ ಬೇರೆ ಬಗೆಯದು. ಜೆಂಟಾಮೈಸಿನ್ ಮುಖ್ಯವಾಗಿ ದೇಹದ ನೀರಿನಂಶದಲ್ಲಿ ಹರಡುತ್ತದೆ, ಕೊಬ್ಬನ್ನು ಅಷ್ಟಾಗಿ ಸೇರುವುದಿಲ್ಲ. ಒಟ್ಟು ತೂಕಕ್ಕೆ ಲೆಕ್ಕ ಹಾಕಿದರೆ ಮೂತ್ರಪಿಂಡ ಮತ್ತು ಒಳಕಿವಿಗೆ ಅಪಾಯವಾದೀತು. ಆದುದರಿಂದ ಆದರ್ಶ ತೂಕಕ್ಕೆ ಹೆಚ್ಚುವರಿ ತೂಕದ ಶೇ. 40ನ್ನು ಮಾತ್ರ ಕೂಡಿಸುವ ಕ್ರಮವಿದೆ. ಆದರ್ಶ ತೂಕ 60 ಕಿ.ಗ್ರಾಂ. ಆಗಿದ್ದು ವಾಸ್ತವ ತೂಕ 110 ಕಿ.ಗ್ರಾಂ. ಇರುವವರ ಪ್ರಮಾಣವನ್ನು 80 ಕಿ.ಗ್ರಾಂ.ಗೆ ಲೆಕ್ಕ ಹಾಕಲಾಗುತ್ತದೆ.

ಇನ್ನು ತೂಕ ಸಮನಾಗಿದ್ದರೂ ಪರಿಣಾಮ ಭಿನ್ನವಾಗಬಹುದು. ಐಸೋನಿಯಾಜಿಡನ್ನು ಯಕೃತ್ತು ನಿಷ್ಕ್ರಿಯಗೊಳಿಸುವ ವೇಗ ಅನುವಂಶೀಯವಾದುದು. ವೇಗವಾಗಿ ನಿಷ್ಕ್ರಿಯಗೊಳಿಸುವವರಲ್ಲಿ ಔಷಧದ ಮಟ್ಟ ಬೇಗ ಇಳಿಯುತ್ತದೆ. ನಿಧಾನಗತಿಯವರಲ್ಲಿ ಅದು ಹೆಚ್ಚು ಕಾಲ ಉಳಿದು ನರಗಳ ತೊಂದರೆಗೆ ಎಡೆಮಾಡಬಹುದು. ತೂಗುವ ಯಂತ್ರ ಈ ಭೇದವನ್ನು ತೋರಿಸಲಾರದು.

ಹೀಗೆ ದೇಹತೂಕವು ಪ್ರಮಾಣ ನಿರ್ಣಯದ ಮೊದಲ ಮೆಟ್ಟಿಲು ಮಾತ್ರ. ವಯಸ್ಸು, ಕೊಬ್ಬಿನ ಅಂಶ, ಅಂಗಗಳ ಕಾರ್ಯಕ್ಷಮತೆ ಮತ್ತು ಅನುವಂಶೀಯತೆಯನ್ನು ಅದರೊಡನೆ ಪರಿಗಣಿಸಬೇಕಾಗುತ್ತದೆ. ಆದರೆ ಈ ಮೊದಲ ಮೆಟ್ಟಿಲನ್ನೂ ಕಡೆಗಣಿಸುವಂತಿಲ್ಲ. ಕ್ಷಯರೋಗಿಯ ತೂಕ ಚಿಕಿತ್ಸೆ ಫಲಿಸಿದಂತೆ ಏರುತ್ತದೆ. ಆರಂಭದಲ್ಲಿ ಬರೆದಿಟ್ಟ ತೂಕವನ್ನೇ ಕೊನೆಯವರೆಗೂ ಅವಲಂಬಿಸಿದರೆ, ಚೇತರಿಸಿಕೊಳ್ಳುತ್ತಿರುವ ರೋಗಿಗೇ ಔಷಧ ಕಡಿಮೆಯಾಗುತ್ತದೆ. ಪ್ರತಿ ತಿಂಗಳು ತೂಕವನ್ನು ಅಳೆದು, ಶ್ರೇಣಿ ಬದಲಾದಾಗ ಪ್ರಮಾಣವನ್ನು ಮರುಪರಿಶೀಲಿಸುವುದಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಸರಿಯಾದ ತಕ್ಕಡಿ ಮತ್ತು ಅದನ್ನು ತಪ್ಪದೆ ಬಳಸುವ ಸಿಬ್ಬಂದಿ ಇದ್ದರೆ ಸಾಕು.