ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ

ಹಲಸೂರಿನ ಓಣಿಯಲ್ಲಿ ಹಂಪ್ ದಾಟುವಾಗ ಹಳೇ ಆಲ್ಟೊ ಹಿಂದಿನಿಂದ ‘ಟಡಕ್’ ಅಂದರೆ ಸಾಕು, ‘ಶಾಕ್ ಹೋಗಿದೆ, ಎರಡೂ ಬದಲಾಯಿಸಿ’ ಅನ್ನುವ ತೀರ್ಪು ಬಂದುಬಿಡುತ್ತದೆ. ಮೊದಲು ಡಿಕ್ಕಿಯಿಂದ ಸ್ಟೆಪ್ನಿ, ಜಾಕ್ ಇಳಿಸಿ ಒಂದು ಸುತ್ತು ಹೋಗಿಬನ್ನಿ. ಎಷ್ಟೋ ಸಲ ಕಾಯಿಲೆ ಅಷ್ಟಕ್ಕೇ ವಾಸಿಯಾಗುತ್ತದೆ. ಆಮೇಲೂ ಸದ್ದು ಉಳಿದರೆ ಬುಷ್ ನೋಡಿ. ಈ ಕಾರಿನ ಹಿಂದಿನ ಆಕ್ಸಲನ್ನು ಬಾಡಿಗೆ ಹಿಡಿದಿಡುವುದು ಎರಡು ಟ್ರೇಲಿಂಗ್ ಆರ್ಮ್, ಒಂದು ಅಡ್ಡ ರಾಡ್. ಅವುಗಳ ತುದಿಗಳಲ್ಲಿ ಕೂತ ರಬ್ಬರೇ ಬುಷ್. ಸಲಾಕೆಯಿಂದ ಮೀಟಿದಾಗ ರಬ್ಬರು ಬಾಯಿಬಿಟ್ಟು ನಡುವಿನ ಕೊಳವೆ ಲೊಡಲೊಡ ಅಂದರೆ ಅದರ ಕಾಲ ಮುಗಿದಿದೆ.

‘ಹಳೇ ಇಂಜಿನ್ ಆಯಿಲ್ ಬಿಡಿ, ಸದ್ದು ಹೋಗುತ್ತೆ.’ ಹೋಗುತ್ತದೆ, ನಾಲ್ಕು ದಿನ. ಬುಷ್ ಬೇರಿಂಗ್ ಅಲ್ಲ. ರಬ್ಬರು ಒಳಗಿನ ಉಕ್ಕಿನ ಕೊಳವೆಗೂ ಹೊರಗಿನದಕ್ಕೂ ಅಂಟಿಕೊಂಡಿರುತ್ತದೆ. ಚಕ್ರ ಏರಿಳಿದಾಗ ಅದು ಜಾರುವುದಿಲ್ಲ, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ಅಷ್ಟೇ ಲಾಭ. ಹೊಸದನ್ನು ಕೂರಿಸಲು ಸೋಪಿನ ನೀರು ಸಾಕು.

ಶಿವಾಜಿನಗರದ ಗುಜರಿಯಿಂದ ‘ಕಂಪನಿ ಬುಷ್ ಸಮೇತ’ ಆರ್ಮ್ ತರುವ ಜಾಣರಿದ್ದಾರೆ. ಆರ್ಮ್ ಬಾಗದಿದ್ದರೆ ಧಾರಾಳವಾಗಿ ತನ್ನಿ, ಆದರೆ ರಬ್ಬರಿಗೆ ಓಡದೆ ಬಿದ್ದಿದ್ದರೂ ವಯಸ್ಸಾಗುತ್ತದೆ. ಹಳೇ ಬುಷ್ಷನ್ನು ಕಾರಿನಡಿಯಲ್ಲೇ ಗ್ಯಾಸ್ ಬೆಂಕಿಯಿಂದ ಸುಟ್ಟು ತೆಗೆಯುವುದಂತೂ ಬೇಡವೇ ಬೇಡ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇದೆ. ಆರ್ಮ್ ಬಿಚ್ಚಿ ಪ್ರೆಸ್ ಇರುವ ಲೇತ್ ಅಂಗಡಿಗೆ ಒಯ್ಯಿರಿ. ಒತ್ತುವಾಗ ಬಲ ಹೊರಗಿನ ಕೊಳವೆಯ ಅಂಚಿಗೆ ಬೀಳಬೇಕು. ನಡುವಿಗೆ ಬಿದ್ದರೆ ಅಂಟು ಹರಿದು ಹೊಸ ಬುಷ್ ಅಲ್ಲೇ ಹಳೆಯದಾಗುತ್ತದೆ.

ಇನ್ನು ‘ಹ್ಯಾಂಡ್‌ಬ್ರೇಕ್ ಹಾಕಿದೀನಿ, ಕಾರು ಎಲ್ಲಿಗೆ ಹೋಗುತ್ತೆ?’ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ನೀವು ಗಾಳಿಗೆ ಎತ್ತಿದ್ದೂ ಅವನ್ನೇ! ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರನ್ನು ಗೇರಿನಲ್ಲಿಟ್ಟು, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಟ್ಟಿ. ಜಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕೆ ಆಕ್ಸಲ್ ಸ್ಟ್ಯಾಂಡ್ ಬೇಕು. ಹಾಲೋ ಬ್ಲಾಕ್ ಗೋಡೆಗೆ ಸರಿ. ಕಾರಿನ ಭಾರ ಅದರ ಒಂದು ಅಂಚಿಗೆ ಬಿದ್ದರೆ ಸೂಚನೆಯನ್ನೂ ಕೊಡದೆ ಒಡೆಯುತ್ತದೆ. ಆರ್ಮ್‌ಗಳನ್ನು ಒಂದಾದ ಮೇಲೆ ಒಂದು ಬಿಚ್ಚಿ. ಎರಡೂ ಒಟ್ಟಿಗೆ ಹೋದರೆ ಆಕ್ಸಲ್ ಹಿಂದಕ್ಕೆ ಹೊರಳಿ ಬ್ರೇಕ್ ಪೈಪನ್ನು ಎಳೆಯುತ್ತದೆ.

ನುರಿತವರೂ ತಪ್ಪುವುದು ಕೊನೆಯ ಬಿಗಿತದಲ್ಲಿ. ಆಕ್ಸಲ್ ಜೋತಾಡುತ್ತಿರುವಾಗಲೇ ಬೋಲ್ಟು ಬಿಗಿದುಬಿಡುತ್ತಾರೆ. 40 ಸೆಂ.ಮೀ. ಉದ್ದದ ಆರ್ಮ್ ತುದಿ 8 ಸೆಂ.ಮೀ. ಇಳಿದಿತ್ತು ಅನ್ನಿ. ಕಾರು ನೆಲಕ್ಕೆ ಇಳಿದ ಕ್ಷಣದಿಂದ ಬುಷ್ ಹಗಲೂ ರಾತ್ರಿ ಸುಮಾರು 11 ಡಿಗ್ರಿ ತಿರುಚಿಕೊಂಡೇ ಇರುತ್ತದೆ. ಮನೆ ಮುಂದೆ ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಇಂದಿರಾನಗರದಿಂದ ಕೆ.ಆರ್. ಪುರಕ್ಕೆ ನಾಲ್ಕು ತಿಂಗಳು ಓಡಾಡುವಷ್ಟರಲ್ಲಿ ಹರಿದರೆ ಬೈಗುಳ ತಿನ್ನುವುದು ಸ್ಪೇರ್ ಅಂಗಡಿಯವನು. ಬೋಲ್ಟುಗಳನ್ನು ಕೈಬಿಗಿ ಮಾಡಿ ಬಿಡಿ. ಸ್ಟ್ಯಾಂಡುಗಳನ್ನು ಆಕ್ಸಲ್‌ನ ಎರಡೂ ತುದಿಗೆ ಸರಿಸಿ, ಕಾರಿನ ಭಾರ ಸ್ಪ್ರಿಂಗ್ ಮೇಲೆ ಕೂತ ಮೇಲೆ ಮ್ಯಾನ್ಯುಯಲ್ ಹೇಳಿದ ಅಂಕಿಗೆ ಟಾರ್ಕ್ ರೆಂಚ್ ‘ಟಕ್’ ಅನ್ನುವವರೆಗೆ ಬಿಗಿಯಿರಿ.