ಅಟ್ಟ ಸೇರಿದ ಟೆಲಿಸ್ಕೋಪ್ ಕೆಟ್ಟಿಲ್ಲ!

ಹುಟ್ಟುಹಬ್ಬಕ್ಕೋ, ಎಸ್ಸೆಸ್ಸೆಲ್ಸಿ ಅಂಕಕ್ಕೋ ಉಡುಗೊರೆಯಾಗಿ ಬಂದ ಟೆಲಿಸ್ಕೋಪಿನ ಆಯುಷ್ಯ ಹೆಚ್ಚೆಂದರೆ ಎರಡು ವಾರ. ಮೊದಲ ದಿನ ಮನೆಮಂದಿಯೆಲ್ಲ ತಾರಸಿ ಮೇಲೆ. ಮೂರನೇ ದಿನಕ್ಕೆ ಬರೀ ಮಬ್ಬು. ಆಮೇಲೆ ಶೋಕೇಸ್ ಪಕ್ಕ ಅಲಂಕಾರಕ್ಕೆ, ಕೊನೆಗೆ ಅಟ್ಟಕ್ಕೆ. ಮೆಕ್ಯಾನಿಕಲ್ ಓದುವ ಹುಡುಗ ಅನ್ನೋ ಕಾರಣಕ್ಕೆ ಇಂಥ ಮೂರು ನನ್ನ ಕೈಗೆ ಬಂದಿವೆ. ಒಂದೂ ನಿಜವಾಗಿ ಕೆಟ್ಟಿರಲಿಲ್ಲ.

ಅದರಲ್ಲೊಂದು ಅರಸೀಕೆರೆಯ ಚಿಕ್ಕಪ್ಪನ ಮನೆಯದು. 76 ಮಿ.ಮೀ. ಕನ್ನಡಿ, 700 ಮಿ.ಮೀ. ಸಂಗಮ ದೂರ. ‘ಕೆಟ್ಟೋಗಿದೆ ಕಣೋ, ಗುಜರಿಯವನು ಬಂದ್ರೆ ಕೊಟ್ಟುಬಿಡೋಣ’ ಅಂದರು ಚಿಕ್ಕಪ್ಪ. ಅದಕ್ಕಿಂತ ಚುಚ್ಚಿದ್ದು ಒಂಬತ್ತನೇ ಕ್ಲಾಸಿನ ತಂಗಿಯ ಮಾತು. ‘ಅದು ಸರಿಯಾಗೇ ಇದೆ ಅಣ್ಣ, ನನಗೇ ನೋಡೋಕೆ ಬರಲ್ಲ. ಸೈನ್ಸೆಲ್ಲ ನನಗಲ್ಲ ಬಿಡು.’ ಕಾಣೆಯಾದ ಒಂದು ಬೋಲ್ಟು, ಓರೆಯಾದ ಒಂದು ಕನ್ನಡಿ ಸೇರಿ ಹೈಸ್ಕೂಲು ಹುಡುಗಿಯಿಂದ ಇಷ್ಟು ದೊಡ್ಡ ತೀರ್ಮಾನ ಮಾಡಿಸಿದ್ದವು!

ಮೊದಲ ತಪ್ಪು ಡಬ್ಬಿಯದೇ. ಅದರ ಮೇಲೆ ‘525 ಪಟ್ಟು’ ಎಂದು ದಪ್ಪಕ್ಷರದಲ್ಲಿತ್ತು. ಲೆಕ್ಕ ಸುಲಭ: ಕನ್ನಡಿಯ ಸಂಗಮ ದೂರವನ್ನು ಐಪೀಸಿನ ಸಂಗಮ ದೂರದಿಂದ ಭಾಗಿಸಿ. 700ನ್ನು 4ರಿಂದ ಭಾಗಿಸಿದರೆ 175. ಜೊತೆಗೆ ಬಂದ 3 ಪಟ್ಟಿನ ಬಾರ್ಲೋ ಮಸೂರ ಸೇರಿದರೆ 525. ಆದರೆ ಕನ್ನಡಿಯ ವ್ಯಾಸ ಎಷ್ಟು ಮಿ.ಮೀ. ಇದೆಯೋ ಅದರ ಎರಡು ಪಟ್ಟಿನಾಚೆ ಉಪಯೋಗವಿಲ್ಲ; ಇಲ್ಲಿ ಸುಮಾರು 150. ಅದಕ್ಕಿಂತ ಮೇಲೆ ಹೋದರೆ ಸಿಗೋದು ದೊಡ್ಡ ಮಬ್ಬು, ಅಷ್ಟೆ. 20 ಮಿ.ಮೀ. ಐಪೀಸ್ ಹಾಕಿದರೆ 35 ಪಟ್ಟು. 1610ರಲ್ಲಿ ಗೆಲಿಲಿಯೊ ಗುರುವಿನ ನಾಲ್ಕು ಚಂದ್ರರನ್ನು ಕಂಡಿದ್ದು ಸುಮಾರು 20 ಪಟ್ಟಿನಲ್ಲಿ. ಚಿತ್ರ ತಲೆಕೆಳಗಾಗಿ ಕಂಡರೂ ಗಾಬರಿ ಬೇಡ, ಈ ಬಗೆಯ ಟೆಲಿಸ್ಕೋಪಿನ ಸ್ವಭಾವವೇ ಅದು.

35 ಪಟ್ಟಿನಲ್ಲೂ ದೂರದ ಮೊಬೈಲ್ ಟವರ್ ಸ್ಪಷ್ಟವಾಗಲಿಲ್ಲ. ಕೊಳವೆಯ ತಳದಲ್ಲಿ ದೊಡ್ಡ ನಿಮ್ನ ದರ್ಪಣ, ಬಾಯಿಯ ಬಳಿ ಓರೆಯಾಗಿ ಕೂತ ಪುಟ್ಟ ಕನ್ನಡಿ. ಬೆಳಕು ತಳಕ್ಕೆ ಹೋಗಿ, ಮೇಲೆ ಬಂದು, ಪಕ್ಕಕ್ಕೆ ತಿರುಗಿ ಕಣ್ಣು ಸೇರಬೇಕು. ಐಪೀಸ್ ತೆಗೆದು, ಆ ಜಾಗದ ಪ್ಲಾಸ್ಟಿಕ್ ಮುಚ್ಚಳದ ನಟ್ಟನಡುವೆ 2 ಮಿ.ಮೀ. ತೂತು ಕೊರೆದು, ಅದರಲ್ಲಿ ಕಣ್ಣಿಟ್ಟು ನೋಡಿದೆ. ಪುಟ್ಟ ಕನ್ನಡಿಯೊಳಗೆ ದೊಡ್ಡ ಕನ್ನಡಿಯ ಅಂಚು ಪೂರ್ತಿ ಗುಂಡಗೆ ಕಾಣಬೇಕಿತ್ತು. ಕಂಡಿದ್ದು ಅರ್ಧ, ಉಳಿದರ್ಧ ಕೊಳವೆಯ ಕಪ್ಪು ಗೋಡೆ. ಸಾಗಣೆಯಲ್ಲಿ ಕುಲುಕಾಡಿ ತಿರುಗಿರಬೇಕು. ಅದರ ಹಿಂದಿನ ಮೂರು ಪುಟ್ಟ ಸ್ಕ್ರೂಗಳನ್ನು ಒಂದನ್ನು ಸಡಿಲಿಸಿ, ಇನ್ನೊಂದನ್ನು ಬಿಗಿಮಾಡಿ, ಕಾಲು ಸುತ್ತಿನಂತೆ ತಿರುಗಿಸಿದರಾಯಿತು. ಕೊಳವೆ ಅಡ್ಡವಾಗಿ ಮಲಗಿರಲಿ. ನೆಟ್ಟಗಿದ್ದರೆ, ಕೈಜಾರಿದ ಅಲೆನ್ ಕೀ ನೇರ ದೊಡ್ಡ ಕನ್ನಡಿಯ ಮೇಲೇ ಬೀಳುತ್ತದೆ.

ತಿರುಗಿಸಿದ್ದು ಕೊನೆಗೆ ತಂಗಿಯೇ. ಹತ್ತು ನಿಮಿಷದಲ್ಲಿ ‘ಅಣ್ಣ, ಪೂರ್ತಿ ಗುಂಡಗೆ ಬಂತು!’ ಎಂದಳು. ಆಮೇಲೆ ಅದೇ ಟವರಿನ ತುದಿಯನ್ನು ಐಪೀಸಿನ ನಡುವೆ ತಂದು, ಫೈಂಡರಿನ ಸ್ಕ್ರೂ ತಿರುಗಿಸಿ ಅದರಲ್ಲೂ ನಡುವೆ ಬರುವಂತೆ ಮಾಡಿದಳು. ಈ ಹೊಂದಿಕೆ ಇಲ್ಲದೆ ಕತ್ತಲಲ್ಲಿ ಗ್ರಹ ಹುಡುಕುವುದು ಬಣವೆಯಲ್ಲಿ ಸೂಜಿ ಹುಡುಕಿದಂತೆ.

ಇನ್ನು ಬಿಡಿಭಾಗ. ಕೊಳವೆಯನ್ನು ಸ್ಟ್ಯಾಂಡಿಗೆ ಹಿಡಿದಿಡುವ ಎರಡು ತಿರುಪುಗಳಲ್ಲಿ ಒಂದು ಮಾಯವಾಗಿತ್ತು. ಡಬ್ಬಿಯ ಮೇಲಿನ ನಂಬರಿಗೆ ಫೋನ್ ಮಾಡಿದರೆ ‘ಸ್ಪೇರ್ ಸಿಗಲ್ಲ ಸರ್, ಹೊಸದೇ ತಗೊಳ್ಳಿ’! ಉಳಿದಿದ್ದ ತಿರುಪಿಗೆ ವರ್ನಿಯರ್ ಹಿಡಿದೆ. ದಪ್ಪ 6 ಮಿ.ಮೀ., ಮರೆ 1 ಮಿ.ಮೀ. ಅಂದರೆ ಯಾವ ನಟ್ಟು-ಬೋಲ್ಟಿನ ಅಂಗಡಿಯಲ್ಲೂ ಸಿಗುವ ಎಂ6. ಹನ್ನೆರಡು ರೂಪಾಯಿ, ಅದರಲ್ಲಿ ವಾಷರೂ ಬಂತು. ಆದರೂ ಅಲುಗುತ್ತಿದ್ದ ಟ್ರೈಪಾಡಿಗೆ ನೀರು ತುಂಬಿದ ಕ್ಯಾನ್ ನೇತುಹಾಕಿದೆವು.

ಐಪೀಸ್ ಕಳೆದಿದ್ದರೂ ಅದೇ ಕಂಪನಿಯದೇ ಬೇಕೆಂದಿಲ್ಲ. ಕೂರಿಸುವ ಭಾಗದ ವ್ಯಾಸ ಅಳೆಯಿರಿ. 31.7 ಮಿ.ಮೀ. ಬಂದರೆ ಅದು ಒಂದೂಕಾಲು ಇಂಚಿನ ಅಳತೆ. ಯಾವ ಬ್ರ್ಯಾಂಡಿನದಾದರೂ ಕೂರುತ್ತದೆ. ಹಳೆಯ ಕೆಲವು 24.5 ಮಿ.ಮೀ. ಇರುತ್ತವೆ, ಅವಕ್ಕೆ ಐಪೀಸ್ ಸಿಗುವುದು ಕಷ್ಟ, ಅಡಾಪ್ಟರ್ ಹುಡುಕಬೇಕು. ಅಳೆಯದೆ ಆರ್ಡರ್ ಮಾಡಬೇಡಿ. ನನ್ನನ್ನು ಕೇಳಿದರೆ ಮೊದಲು ಕೊಳ್ಳಬೇಕಾದ್ದು 25 ಮಿ.ಮೀ. ಪ್ಲೋಸಲ್. ಇನ್ನೊಂದು ಟೆಲಿಸ್ಕೋಪಿನ ಟ್ರೈಪಾಡ್ ಕ್ಲಾಂಪ್ ಮುರಿದಿತ್ತು. ಕಾಲೇಜು ಲ್ಯಾಬಿನ 3ಡಿ ಪ್ರಿಂಟರಿನಲ್ಲಿ ಮಾಡಿಕೊಂಡೆವು.

ಕನ್ನಡಿ ಮೇಲಿನ ಧೂಳು ಕಂಡು ಬಟ್ಟೆ ಎತ್ತಿಕೊಳ್ಳಬೇಡಿ. ಅದರ ಅಲ್ಯೂಮಿನಿಯಂ ಲೇಪ ಗಾಜಿನ ಹಿಂದಲ್ಲ, ಮೇಲೇ ಇರುತ್ತದೆ. ಉಜ್ಜಿದರೆ ಗೀರು ಖಚಿತ. ಸ್ವಲ್ಪ ಧೂಳಿದ್ದರೆ ನೋಟಕ್ಕೇನೂ ತೊಂದರೆಯಿಲ್ಲ.

ಆ ರಾತ್ರಿ ಗುರುವಿನ ಪಕ್ಕ ಸಾಲಾಗಿ ಮೂರು ಚುಕ್ಕೆ ಕಂಡವು. ನಾಲ್ಕನೆಯದು ಎಲ್ಲಿ ಎಂದು ತಂಗಿ ಚಿಕ್ಕಪ್ಪನಿಗೆ ಐಪೀಸ್ ಬಿಟ್ಟುಕೊಡಲೇ ಇಲ್ಲ.

ಡಬ್ಬಿಯ ಮೂಲೆಯಲ್ಲಿ ‘ಸನ್’ ಎಂದು ಬರೆದ, ಐಪೀಸಿಗೆ ತಿರುಗಿಸಿ ಕೂರಿಸುವ ಕಪ್ಪು ಗಾಜೊಂದಿತ್ತು. ಕನ್ನಡಿ ಒಟ್ಟುಗೂಡಿಸಿದ ಬಿಸಿಲಿಗೆ ಅದು ಸಟ್ಟನೆ ಬಿರುಕು ಬಿಟ್ಟರೆ ಹೋಗೋದು ಕಣ್ಣು. ಸೂರ್ಯನ ಫಿಲ್ಟರ್ ಇರಬೇಕಾದ್ದು ಕೊಳವೆಯ ಬಾಯಿಗೆ, ಅದೂ ಅದಕ್ಕೆಂದೇ ತಯಾರಾದದ್ದು. ಆ ಕಪ್ಪು ಗಾಜನ್ನು ಹಳೇ ಬಟ್ಟೆಯಲ್ಲಿ ಸುತ್ತಿ, ಹಿತ್ತಲ ಕಲ್ಲಿನ ಮೇಲಿಟ್ಟು, ಸುತ್ತಿಗೆಯನ್ನು ತಂಗಿಯ ಕೈಗೆ ಕೊಟ್ಟೆ.