ಮುಳುಗಿದ ಹಡಗಿನ ಕಪ್ತಾನನಿಗೆ ಮಹಾವೀರ ಚಕ್ರ ಏಕೆ?



ಯಡಿಯೂರು ಕೆರೆಯ ಕಡೆಯಿಂದ ಬೇಗೂರು ಬಹು ದೂರವೇನಲ್ಲ. ಅಲ್ಲಿರುವ, ಸುಮಾರು ಕ್ರಿ.ಶ. 890ರ ಶಿಲಾಶಾಸನವು ಬೆಂಗಳೂರು ಕಾಳಗದಲ್ಲಿ ಮಡಿದವರನ್ನು ಸ್ಮರಿಸುತ್ತದೆ. ನೆಲದ ಮೇಲೆ ಬಿದ್ದ ವೀರನಿಗೆ ವೀರಗಲ್ಲು ನೆಡಬಹುದು. ಕಡಲಿನಲ್ಲಿ ಮುಳುಗಿದವನನ್ನು ಸ್ಮರಿಸುವುದು ಹೇಗೆ?

1971ರ ಭಾರತ–ಪಾಕಿಸ್ತಾನ ಯುದ್ಧವನ್ನು ನೋಡೋಣ. ಡಿಸೆಂಬರ್ 9ರ ರಾತ್ರಿ ನಮ್ಮ ನೌಕಾಪಡೆಯ 'ಖುಕ್ರಿ' ಮತ್ತು 'ಕೃಪಾಣ್' ಹಡಗುಗಳು ದೀವ್ ತೀರದಿಂದ ಸುಮಾರು 40 ನಾಟಿಕಲ್ ಮೈಲಿ ದೂರದಲ್ಲಿ ಶತ್ರುವಿನ ಜಲಾಂತರ್ಗಾಮಿಯನ್ನು ಹುಡುಕುತ್ತಿದ್ದವು. ನೀರಿನೊಳಗೆ ಕಣ್ಣು ಕೆಲಸ ಮಾಡದು, ಕಿವಿಯೇ ಗತಿ. ಶಬ್ದದ ಅಲೆಗಳಿಂದ ವಸ್ತುವನ್ನು ಪತ್ತೆಹಚ್ಚುವ ಆ ಯಂತ್ರಕ್ಕೆ ಸೋನಾರ್ ಎಂದು ಹೆಸರು. ಪಾಕಿಸ್ತಾನದ 'ಹಂಗೋರ್' ಜಲಾಂತರ್ಗಾಮಿಯ ಸೋನಾರ್ ನಮ್ಮದಕ್ಕಿಂತ ಬಹಳ ದೂರದಿಂದ ಕೇಳಿಸಿಕೊಳ್ಳಬಲ್ಲದಾಗಿತ್ತು. ಹುಡುಕಲು ಹೋದವರನ್ನೇ ಅದು ಮೊದಲು ಪತ್ತೆಹಚ್ಚಿತು. ಅದರ ಟಾರ್ಪೆಡೊ ತಗುಲಿದ ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಮಡಿದರು. ಬದುಕುಳಿದವರು 67 ಮಂದಿ.

ಹಡಗಿನ ಕಪ್ತಾನ ಮಹೇಂದ್ರನಾಥ್ ಮುಲ್ಲಾ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ನೀಡಲಾಯಿತು. ಹಡಗನ್ನೇ ಕಳೆದುಕೊಂಡವರಿಗೆ ಪದಕವೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಪದಕದ ಜೊತೆಗೆ ನೀಡುವ ಪ್ರಶಸ್ತಿಪತ್ರದಲ್ಲಿದೆ. ಹಡಗು ಬಿಡಲು ನಿರ್ಧರಿಸಿದ ಮೇಲೆ ಮುಲ್ಲಾ ಅವರು ಶಾಂತಚಿತ್ತರಾಗಿ ತಮ್ಮವರನ್ನು ಪಾರುಮಾಡುವ ಕೆಲಸಕ್ಕೆ ನಿಂತರು. ತಮ್ಮ ಜೀವರಕ್ಷಕ ಸಾಧನವನ್ನು ಒಬ್ಬ ನಾವಿಕನಿಗೆ ಕೊಟ್ಟರು. ಇನ್ನೂ ಯಾರನ್ನಾದರೂ ಉಳಿಸಬಹುದೇ ಎಂದು ಹಡಗು ನಡೆಸುವ ಕಟ್ಟೆಗೆ ಮರಳಿದರು. ಜನ ಅವರನ್ನು ಕೊನೆಯದಾಗಿ ಕಂಡದ್ದು ಹಡಗಿನೊಡನೆ ಮುಳುಗುತ್ತಿದ್ದಾಗ.

ಮುಳುಗುವ ಹಡಗಿನೊಡನೆ ಕಪ್ತಾನನೂ ಸಾಯಬೇಕೆಂಬ ನಿಯಮವೇನಿಲ್ಲ. ಸಿನಿಮಾಗಳಲ್ಲಿ ಹಾಗೆ ತೋರಿಸುತ್ತಾರೆ, ಅಷ್ಟೆ. ಮುಲ್ಲಾ ಅವರಿಗೆ ಸಂದ ಗೌರವ ಸಾವಿಗಲ್ಲ, ಆ ಕೆಲವು ನಿಮಿಷಗಳನ್ನು ಅವರು ಬಳಸಿದ ರೀತಿಗೆ. 'ಮರಣೋತ್ತರ' ಎಂಬ ಮಾತು ಪದಕ ಕೊಟ್ಟ ಕಾಲವನ್ನಷ್ಟೇ ಸೂಚಿಸುತ್ತದೆ.

ಪರಮವೀರ, ಮಹಾವೀರ, ವೀರ ಚಕ್ರಗಳು 1950ರ ಜನವರಿ 26ರಂದು ಸ್ಥಾಪನೆಯಾದವು. ಶತ್ರುವಿನ ಎದುರು ತೋರಿದ ಶೌರ್ಯಕ್ಕೆ ಅವು ಮೀಸಲು. ಮಹಾವೀರ ಚಕ್ರ ಎರಡನೆಯ ಸ್ಥಾನದ್ದು.

ನೌಕಾಪಡೆ 'ಖುಕ್ರಿ' ಎಂಬ ಹೆಸರನ್ನು ಬಿಡಲಿಲ್ಲ. 1989ರಲ್ಲಿ ಅದೇ ಹೆಸರಿನ ಹೊಸ ಯುದ್ಧನೌಕೆ ಸೇವೆಗೆ ಸೇರಿ 2021ರಲ್ಲಿ ನಿವೃತ್ತವಾಯಿತು. ಅದನ್ನು ಒಯ್ದು ಇರಿಸಿರುವುದು ದೀವ್‌ನಲ್ಲಿ, ಮೊದಲನೆಯ ಖುಕ್ರಿ ಮುಳುಗಿದ ಕಡಲಿನ ದಡದಲ್ಲಿ.